ಐಎಲ್‌ಎಸ್ ಸೂಜಿ ನಿಲ್ಲುತ್ತಿಲ್ಲ: ಮನೆ ಸಿಮ್ಯುಲೇಟರ್‌ನಲ್ಲಿ ಅಭ್ಯಾಸ ಹೇಗೆ?

ಪುಣೆ_ಹಕ್ಕಿ:
ಎಕ್ಸ್-ಪ್ಲೇನ್ 12, ಸೆಸ್ನಾ 172, ಹಳೇ ದುಂಡು ಮೀಟರ್‌ಗಳ ಪ್ಯಾನೆಲ್. ಮುಂಬೈ ರನ್‌ವೇ 27ರ ಐಎಲ್‌ಎಸ್ (ರೇಡಿಯೋ ಸಂಕೇತ ಹಿಡಿದು ರನ್‌ವೇಗೆ ಇಳಿಯುವ ವ್ಯವಸ್ಥೆ), ವೇಗ 90 ನಾಟ್, ಗಾಳಿ 240 ಡಿಗ್ರಿ ದಿಕ್ಕಿನಿಂದ 20 ನಾಟ್. ರನ್‌ವೇಗೆ ಐದು ಮೈಲಿ ಇರುವವರೆಗೆ ಲೋಕಲೈಜರ್ (ಎಡ-ಬಲ ತೋರಿಸುವ ಸೂಜಿ) ಸರಿಯಾಗಿ ನಿಲ್ಲುತ್ತೆ, ಆಮೇಲೆ ಹಾವಿನಂತೆ ಅತ್ತಿತ್ತ. ನಿಮಿಷಕ್ಕೆ 450 ಅಡಿ ದರದಲ್ಲಿ ಇಳಿದರೂ ಗ್ಲೈಡ್ ಸ್ಲೋಪ್‌ಗಿಂತ (ಇಳಿಯುವ ಓರೆ ಹಾದಿ) ಕೆಳಗೆ ಹೋಗ್ತೀನಿ. ಜಾಯ್‌ಸ್ಟಿಕ್ ದೋಷವೇ? ಈ ಗಂಟೆಗಳು ಲಾಗ್‌ಬುಕ್‌ಗೆ ಬರುತ್ತವೆಯೇ?

ಮೋಡದೊಳಗೆ:
ಸೂಜಿಯ ಬೆನ್ನು ಹತ್ತಿದ್ದೀರಿ, ಅಷ್ಟೇ. ಲೋಕಲೈಜರ್ ತೋರಿಸುವುದು ಕೋನ. ರನ್‌ವೇ ಹತ್ತಿರವಾದಷ್ಟೂ ಮೀಟರ್‌ನ ಅದೇ ಒಂದು ಚುಕ್ಕೆ ಕಡಿಮೆ ಅಡಿಗಳಿಗೆ ಸಮ, ಹಾಗಾಗಿ ದೂರದಲ್ಲಿ ಸರಿಯಿದ್ದ ತಿದ್ದುಪಡಿ ಹತ್ತಿರದಲ್ಲಿ ಅತಿಯಾಗುತ್ತದೆ. ಹೆಡಿಂಗ್ (ಮೂತಿಯ ದಿಕ್ಕು) ಹಿಡಿಯಿರಿ, ಸೂಜಿಯನ್ನಲ್ಲ. ನಿಮ್ಮ ಗಾಳಿಯ ಅಡ್ಡಭಾಗ 10 ನಾಟ್. 90 ನಾಟ್‌ಗೆ ಸುಮಾರು 7 ಡಿಗ್ರಿ ಡ್ರಿಫ್ಟ್ (ಗಾಳಿಗೆ ಪಕ್ಕಕ್ಕೆ ಸರಿಯುವುದು). ಅಂದರೆ 263ರ ಆಸುಪಾಸಿನ ಹೆಡಿಂಗ್ ಆಧಾರ. ಸೂಜಿ ಸರಿದರೆ ಅದರಿಂದ 5 ಡಿಗ್ರಿ ಮಾತ್ರ, ಕೊನೆಯ ಎರಡು ಮೈಲಿಯಲ್ಲಿ ಎರಡೋ ಮೂರೋ. 5 ಡಿಗ್ರಿ ತಿರುವಿಗೆ 5 ಡಿಗ್ರಿ ಬ್ಯಾಂಕ್ (ರೆಕ್ಕೆ ವಾಲಿಸುವುದು) ಸಾಕು.

ಗ್ಲೈಡ್ ಸ್ಲೋಪ್ ಲೆಕ್ಕವೂ ಅದೇ ಗಾಳಿಯದ್ದು. ಎದುರುಗಾಳಿ 17 ನಾಟ್, ನೆಲದ ವೇಗ 73. ಅದನ್ನು 5ರಿಂದ ಗುಣಿಸಿ: ನಿಮಿಷಕ್ಕೆ 365 ಅಡಿ. 450 ಅಂದರೆ ಗಾಳಿಯೇ ಇಲ್ಲದ ದಿನದ ದರ. ನೀವು ಕೆಳಗಿಳಿಯದೆ ಇನ್ನೇನು!

ಟ್ರಿಮ್‌ಗಾರ:
ಜಾಯ್‌ಸ್ಟಿಕ್ ಪೂರ್ತಿ ನಿರ್ದೋಷಿಯಲ್ಲ. ನಿಜವಾದ ವಿಮಾನದಲ್ಲಿ ಟ್ರಿಮ್ (ಕೈ ಬಿಟ್ಟರೂ ಮೂತಿ ನಿಲ್ಲುವ ಹೊಂದಾಣಿಕೆ) ತಪ್ಪಿದರೆ ಕೈಗೇ ಒತ್ತಡ ತಿಳಿಯುತ್ತದೆ. ಸ್ಪ್ರಿಂಗ್ ಕೋಲಿನಲ್ಲಿ ತಿಳಿಯುವುದಿಲ್ಲ. ಆದ್ದರಿಂದ ಮೂತಿಯ ಕೋನ, ನಂತರ ಪವರ್, ಆಮೇಲೆ ಕೋಲನ್ನು ನಿಧಾನಕ್ಕೆ ಬಿಡುತ್ತಾ ಟ್ರಿಮ್. ಕೈ ಬಿಟ್ಟ ಮೇಲೆ ಹತ್ತು ಸೆಕೆಂಡ್ ಎತ್ತರ ನಿಲ್ಲದಿದ್ದರೆ ಅಪ್ರೋಚ್ ಶುರು ಮಾಡಬೇಡಿ. ನಲ್ ಝೋನ್ (ಕೋಲು ಅಲುಗಿದರೂ ಸಿಮ್ ಲೆಕ್ಕಿಸದ ನಡುವಿನ ಜಾಗ) ಜಾಸ್ತಿ ಇಟ್ಟರೆ ಸಣ್ಣ ತಿದ್ದುಪಡಿಗಳೆಲ್ಲ ಸತ್ತುಹೋಗುತ್ತವೆ.

ಕಾಗದ_ಚಾರ್ಟ್:
ಲಾಗ್‌ಬುಕ್‌ಗೆ ಬರುವುದಿಲ್ಲ. ವಿಮಾನಯಾನ ನಿಯಂತ್ರಕ ಡಿಜಿಸಿಎ ಅನುಮೋದಿತ ಸಾಧನದ ಗಂಟೆ ಮಾತ್ರ ಲೆಕ್ಕ. ಆದರೂ ಸ್ಕ್ಯಾನ್ (ಮೀಟರ್‌ಗಳ ಮೇಲೆ ಕಣ್ಣಾಡಿಸುವುದು), ಹೋಲ್ಡಿಂಗ್ (ಆಕಾಶದಲ್ಲೇ ಸುತ್ತು ಹಾಕಿ ಕಾಯುವುದು) ಪ್ರವೇಶ, ಬ್ರೀಫಿಂಗ್ ಇವೆಲ್ಲ ಮನೆಯಲ್ಲೇ ಗಟ್ಟಿಯಾಗುತ್ತವೆ.

ಚಾರ್ಟ್ ಅನ್ನು ವಿಮಾನ ನಿಲ್ದಾಣ ಪ್ರಾಧಿಕಾರದ ಅಧಿಕೃತ ಮಾಹಿತಿ ಸಂಪುಟ ಎಐಪಿಯಿಂದಲೇ ತೆಗೆದುಕೊಳ್ಳಿ, ಸಿಮ್‌ನ ಡೇಟಾ ಹಳೆಯದಿರಬಹುದು. ಉದಾಹರಣೆಗೆ, ಗೋವಾದ ಮೋಪಾ ನಿಲ್ದಾಣದಲ್ಲಿ ವಿಮಾನ ಸಂಚಾರ ಶುರುವಾದದ್ದೇ 2023ರ ಜನವರಿಯಲ್ಲಿ. ಫ್ರೀಕ್ವೆನ್ಸಿ ಹಾಕಿದ ಮೇಲೆ ಆ ಐಎಲ್‌ಎಸ್‌ನ ಮೋರ್ಸ್ ಗುರುತು ಕೇಳಿಯೇ ಸೂಜಿ ನಂಬಿ. ಹಾರಾಟ ಮುಗಿದ ಮೇಲೆ ಲಿಟಲ್ ನ್ಯಾವ್‌ಮ್ಯಾಪ್ ತಂತ್ರಾಂಶದಲ್ಲಿ ಹಾದಿಯ ಗೆರೆ ನೋಡಿ, ಅದು ಉಚಿತ.

ಇಷ್ಟು ಬಂದ ಮೇಲೆ ವ್ಯಾಕ್ಯೂಮ್ ಪಂಪ್ (ವಿಮಾನದ ವಾಲಿಕೆ ತೋರಿಸುವ ಹಾರಿಜಾನ್ ಮೀಟರ್‌ನ ಗೈರೋ ತಿರುಗಿಸುವುದು) ಕೆಡುವಂತೆ ಹೊಂದಿಸಿ. ಗೈರೋ ಥಟ್ಟನೆ ಬೀಳುವುದಿಲ್ಲ, ಮೆಲ್ಲಗೆ ವಾಲುತ್ತದೆ, ನೀವೂ ಅದರ ಜೊತೆ ವಾಲುತ್ತೀರಿ. ವಿದ್ಯುತ್ತಿನ ಟರ್ನ್ ಕೋಆರ್ಡಿನೇಟರ್ (ತಿರುವು ತೋರಿಸುವ ಮೀಟರ್) ಬೇರೆ ಮಾತು ಹೇಳಿದ ಕೂಡಲೇ ಹಾರಿಜಾನ್ ಮೇಲೊಂದು ಚೀಟಿ ಅಂಟಿಸಿ ಮುಚ್ಚಿಬಿಡಿ.