ಸಹಾಯ ಬೇಕು: ಮೂರು ಕಂಪ್ಯೂಟರ್‌ಗಳಲ್ಲಿ ಒಂದೇ ಕ್ಯಾಲೆಂಡರ್

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಹತ್ತಿರ. ಮನೆಯಲ್ಲಿ ಹಳೇ ಲಿನಕ್ಸ್ ಡೆಸ್ಕ್‌ಟಾಪ್, ಶಿವಮೊಗ್ಗದ ಆಫೀಸಿನಲ್ಲಿ ವಿಂಡೋಸ್, ಜೊತೆಗೊಂದು ಲ್ಯಾಪ್‌ಟಾಪ್. ಮೂರರಲ್ಲೂ ಥಂಡರ್‌ಬರ್ಡ್ (ಮೇಲ್, ಕ್ಯಾಲೆಂಡರ್ ನೋಡುವ ತಂತ್ರಾಂಶ) ಇದೆ. ಕ್ಯಾಲೆಂಡರ್, ಕೆಲಸಗಳ ಪಟ್ಟಿ ಎರಡೂ ಮೂರು ಕಡೆ ಒಂದೇ ಥರ ಇರಬೇಕು.

ಇಷ್ಟು ದಿನ ಕ್ಯಾಲೆಂಡರಿನ ಐಸಿಎಸ್ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದೆ. ಹೋದ ತಿಂಗಳು ಹೊಸದರ ಮೇಲೆ ಹಳೇ ಫೈಲು ಕಾಪಿ ಆಗಿಬಿಟ್ಟಿತು. ಅಡಿಕೆಗೆ ಎರಡನೇ ಸಲ ಔಷಧಿ ಹೊಡೆಸುವ ದಿನವೇ ಅಳಿಸಿಹೋಯಿತು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರು ಬಂದು ನಿಂತಾಗ ಮನೆಯಲ್ಲಿ ಔಷಧಿಗೆ ಬೇಕಾದ ಸುಣ್ಣ, ಮೈಲುತುತ್ತ ಇರಲಿಲ್ಲ. ಈ ಮಳೆಯಲ್ಲಿ ಕೊಳೆ ರೋಗ ನಮಗಾಗಿ ಕಾಯುತ್ತದಾ? ತುಂಬಾ ಬೇಜಾರಾಯಿತು.

ಗೂಗಲ್ ಕ್ಯಾಲೆಂಡರ್ ನೋಡಿದೆ. ಅದರ ಕ್ಯಾಲ್‌ಡ್ಯಾವ್‌ನಲ್ಲಿ (ಬೇರೆ ತಂತ್ರಾಂಶಗಳ ಜೊತೆ ಕ್ಯಾಲೆಂಡರ್ ಹೊಂದಿಸುವ ವ್ಯವಸ್ಥೆ) ಟಾಸ್ಕ್‌ಗಳು ಬರುವುದಿಲ್ಲ. ನನಗೆ ಅದೇ ಜಾಸ್ತಿ ಮುಖ್ಯ. ಹಾಗಾಗಿ ಮನೆಯ ಡೆಸ್ಕ್‌ಟಾಪ್‌ನಲ್ಲೇ ರ‍್ಯಾಡಿಕೇಲ್ ಎಂಬ ಚಿಕ್ಕ ಕ್ಯಾಲೆಂಡರ್ ಸರ್ವರ್ ಹಾಕಿದೆ. ಮನೆಯೊಳಗೆ 5232 ಪೋರ್ಟ್‌ನಲ್ಲಿ ಚೆನ್ನಾಗಿ ನಡೆಯುತ್ತಿದೆ, ಶಿವಮೊಗ್ಗದಿಂದ ಮಾತ್ರ ಸಿಗುತ್ತಿಲ್ಲ.

ಹೊರಗಿನಿಂದ ತಲುಪಲು ವೈರ್‌ಗಾರ್ಡ್ (ವಿಪಿಎನ್, ಅಂದರೆ ದೂರದಿಂದ ಮನೆಯ ನೆಟ್‌ವರ್ಕ್ ಸೇರುವ ಸುರಕ್ಷಿತ ದಾರಿ) ಹಾಕಿದರೆ ಸಾಕಾ, ಅಥವಾ ಎಲ್ಲಾದರೂ ನೆಕ್ಸ್ಟ್‌ಕ್ಲೌಡ್ (ಫೈಲು, ಕ್ಯಾಲೆಂಡರ್ ಇಡುವ ಆನ್‌ಲೈನ್ ಸರ್ವರ್) ಖಾತೆ ತೆರೆಯುವುದೇ ಒಳ್ಳೆಯದಾ? ಇನ್ನೊಂದು, ಗಾಳಿ ಮಳೆಗೆ ನಮ್ಮಲ್ಲಿ ಎರಡು ದಿನ ಕರೆಂಟೇ ಇರದ ಹೊತ್ತೂ ಉಂಟು. ಆಗ ಆಫೀಸಿನಲ್ಲಿ ಬರೆದದ್ದು ಆಮೇಲೆ ತಾನಾಗಿ ಸೇರಿಕೊಳ್ಳುತ್ತದಾ? ಮಾಡಿ ನೋಡಿದವರು ದಯವಿಟ್ಟು ಬಿಡಿಸಿ ಹೇಳಿ.