ಗೆಳೆಯರ ಮನೆಗೆ ಹೋದಾಗ ಲಿಂಗಪೂಜೆ ಹೇಗೆ ಮಾಡ್ತೀರಿ?

ಕೊಲಂಬಸ್, ಒಹಾಯೋ
ಎಲ್ಲರಿಗೂ ಶರಣು. ನನ್ನ ತವರು ಗದಗ, ನಮ್ಮ ಮನೆಯವರದು ರಾಣೆಬೆನ್ನೂರು. ಇಬ್ಬರಿಗೂ ತಿರುಗಾಟದ ಹುಚ್ಚು ಜಾಸ್ತಿ. ಲಾಂಗ್ ವೀಕೆಂಡ್ ಬಂತೆಂದರೆ ಕಾರು ಹತ್ತುತ್ತೇವೆ. ಡೆಟ್ರಾಯ್ಟ್‌ನಲ್ಲಿ ಅವರ ಕಾಲೇಜು ಗೆಳೆಯ ಇದ್ದಾರೆ, ಪಿಟ್ಸ್‌ಬರ್ಗ್‌ನಲ್ಲಿ ನನ್ನ ಹಾಸ್ಟೆಲ್ ಗೆಳತಿ. ಅವಳ ಜೊತೆ ವೆಂಕಟೇಶ್ವರ ಗುಡಿಗೂ ಹೋಗಿ ಬರುತ್ತೇವೆ. ಊರಲ್ಲಿದ್ದಾಗ ನಾವು ದಿನಾ ಪೂಜೆ ಮಾಡಿದವರಲ್ಲ. ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ಇಬ್ಬರೂ ಸೇರಿ ಶುರು ಮಾಡಿದೆವು. ಈಗ ಲಿಂಗಪೂಜೆ ಆಗದೆ ಚಹಾ ಕುಡಿಯುವುದಿಲ್ಲ.

ಮಗಳು ಈಗ ತಾನೇ ನಡೆಯೋಕೆ ಕಲಿತಿದ್ದಾಳೆ. ಮನೆಯಲ್ಲಿ ನಾವು ಪೂಜೆಗೆ ಕೂತರೆ ತಾನೂ ಕೈ ಚಾಚುತ್ತಾಳೆ. ಆದರೆ ಗೆಳೆಯರ ಮನೆಯಲ್ಲಿ ಎಲ್ಲ ತಪ್ಪಿಹೋಗುತ್ತದೆ. ರಾತ್ರಿ ಎರಡು ಗಂಟೆವರೆಗೆ ಹರಟೆ, ಬೆಳಿಗ್ಗೆ ತಡ. ಡೆಟ್ರಾಯ್ಟ್ ಗೆಳೆಯ ಮಂಡ್ಯದವರು, ನಾಟಿ ಕೋಳಿ ಸಾರಿಗೆ ಹೆಸರಾದ ಮನೆ. ಅವರು ಬಹಳ ಒಳ್ಳೆಯವರು, ಅದಕ್ಕೇ ಕೇಳೋಕೆ ಸಂಕೋಚ. ಮುಂದಿನ ತಿಂಗಳು ಸಿಯಾಟಲ್‌ಗೆ ವಿಮಾನದಲ್ಲಿ ಹೋಗಬೇಕು, ಮಗಳ ಜೊತೆ ಇದೇ ಮೊದಲು. ಸೆಕ್ಯೂರಿಟಿಯಲ್ಲಿ ಕರಡಿಗೆ (ಕೊರಳಲ್ಲಿ ಹಾಕಿಕೊಳ್ಳುವ ಇಷ್ಟಲಿಂಗದ ಡಬ್ಬಿ) ತೆಗೆಯಿರಿ ಅಂದರೆ ಏನು ಮಾಡಬೇಕು? ಅತ್ತೆಯವರು "ಮಗು ದೊಡ್ಡದಾಗೋವರೆಗೆ ತಿರುಗೋದು ನಿಲ್ಲಿಸ್ರಿ" ಅಂತಾರೆ. ನಿಲ್ಲಿಸಬೇಕಾ?

ಸ್ಯಾನ್ ಹೋಸೆ
ನಿಲ್ಲಿಸಬೇಡಿ ತಂಗಿ. ನಾನು ಎರಡು ಮಕ್ಕಳನ್ನು ಕಟ್ಟಿಕೊಂಡು ತಿರುಗಿದವಳು.

ಕರಡಿಗೆ ಯಾವತ್ತೂ ಚೆಕ್-ಇನ್ ಬ್ಯಾಗಿಗೆ ಹಾಕಬೇಡಿ. ಮೈಮೇಲೆ ಇದ್ದರೆ ಸ್ಕ್ಯಾನರ್ ತೋರಿಸಿಯೇ ತೋರಿಸುತ್ತದೆ. ಸಾಲಿನಲ್ಲಿ ನಿಂತಾಗಲೇ ಇದು ಧಾರ್ಮಿಕ ವಸ್ತು ಅಂತ ಹೇಳಿ. ಎಲ್ಲರೆದುರು ತೆಗೆಯೋಕೆ ಇಷ್ಟ ಇಲ್ಲದಿದ್ದರೆ ಪ್ರೈವೇಟ್ ಸ್ಕ್ರೀನಿಂಗ್ ಕೇಳಬಹುದು, ಜೊತೆಯವರನ್ನೂ ಒಳಗೆ ಕರೆದುಕೊಂಡು ಹೋಗಬಹುದು. ವಿಭೂತಿ ಗಟ್ಟಿ ಒಯ್ಯಿರಿ, ಪುಡಿ ಬೇಡ. ಕೈಚೀಲದಲ್ಲಿ ಪುಡಿ 350 ಮಿಲಿಲೀಟರ್‌ಗಿಂತ ಜಾಸ್ತಿ ಇದ್ದರೆ ಬೇರೆಯಾಗಿ ತಪಾಸಣೆ ಮಾಡುತ್ತಾರೆ. ಊರಿಂದ ಬರುವವರ ಕೈಯಲ್ಲಿ ಹಸಿ ಬಿಲ್ವಪತ್ರೆ ತರಿಸಬೇಡಿ. ಬಿಲ್ವ ನಿಂಬೆ ಜಾತಿಯ ಗಿಡ. ಕರಿಬೇವಿಗೆ ಇರುವ ತೊಂದರೆಯೇ ಅದಕ್ಕೂ, ಕಸ್ಟಮ್ಸ್‌ನಲ್ಲಿ ತೆಗೆದು ಎಸೆಯುತ್ತಾರೆ.

ಎರಡು ವರ್ಷ ತುಂಬುವವರೆಗೆ ದೇಶದೊಳಗಿನ ವಿಮಾನದಲ್ಲಿ ಮಗುವನ್ನು ತೊಡೆಮೇಲೆ ಟಿಕೆಟ್ ಇಲ್ಲದೆ ಕೂರಿಸಿಕೊಳ್ಳಬಹುದು. ಆದರೂ ಕೈಯಲ್ಲಿ ದುಡ್ಡಿದ್ದರೆ ಅವಳಿಗೊಂದು ಸೀಟು ತೆಗೆದು ಕಾರ್ ಸೀಟಿನಲ್ಲೇ ಕೂರಿಸಿ. ಅದೇ ಸುರಕ್ಷಿತ.

ಗೆಳೆಯರ ಮನೆ ವಿಷಯ. ಹೊರಡುವ ಮೊದಲೇ ಫೋನಿನಲ್ಲಿ "ಬೆಳಿಗ್ಗೆ ಅರ್ಧ ಗಂಟೆ ಒಂದು ಮೂಲೆ ಬೇಕು" ಅಂತ ಹೇಳಿಬಿಡಿ. ಅವರ ಅಡುಗೆ ಬಗ್ಗೆ ಮಾತೇ ಎತ್ತಬೇಡಿ. ನಿಮಗೆ ಕೊಟ್ಟ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಚಾದರ ಹಾಸಿ, ಒಂದು ಸ್ಟೀಲ್ ಬಟ್ಟಲು ಇಟ್ಟುಕೊಂಡರೆ ಸಾಕು. ಕರ್ಪೂರ, ಊದಿನಕಡ್ಡಿ ಮಾತ್ರ ಬೇಡವೇ ಬೇಡ. ಅಪಾರ್ಟ್‌ಮೆಂಟಿನ ಸ್ಮೋಕ್ ಅಲಾರಂ ಹೊಡೆದುಕೊಂಡರೆ ಇಡೀ ಬಿಲ್ಡಿಂಗ್ ಎದ್ದು ಕೂರುತ್ತದೆ. ಸಿಯಾಟಲ್ ನಿಮಗಿಂತ ಮೂರು ಗಂಟೆ ಹಿಂದೆ. ಮಗಳು ಅಲ್ಲಿನ ನಾಲ್ಕಕ್ಕೇ ಏಳುತ್ತಾಳೆ. ಮನೆಯವರು ಏಳುವಷ್ಟರಲ್ಲಿ ನಿಮ್ಮ ಪೂಜೆ ಮುಗಿದಿರುತ್ತದೆ, ಬಿಡಿ.

ಹ್ಯೂಸ್ಟನ್ (ಹಿರಿಯ ಸದಸ್ಯರು)
ಎಲ್ಲರೂ ಕರಡಿಗೆ, ಕಾರ್ ಸೀಟು ಅಂತ ಮಾತಾಡುತ್ತಿದ್ದೀರಿ. ಮೂಲ ಪ್ರಶ್ನೆ ಯಾರೂ ಕೇಳಲಿಲ್ಲ. ಅಂಗೈಯಲ್ಲಿ ಲಿಂಗ ಇರುವವರಿಗೆ ಪಿಟ್ಸ್‌ಬರ್ಗ್ ಗುಡಿ ಯಾಕೆ? ದೇಹವೇ ದೇಗುಲ ಅಂತ ಬಸವಣ್ಣ 12ನೇ ಶತಮಾನದಲ್ಲೇ ಹೇಳಿ ಹೋಗಿದ್ದಾರೆ. ಬೆಳಿಗ್ಗೆ ಲಿಂಗಪೂಜೆ, ಮಧ್ಯಾಹ್ನ ವೆಂಕಟೇಶ್ವರ, ಸಂಜೆ ಇನ್ನೊಂದು. ಮಗು ಏನು ಕಲಿಯುತ್ತದೆ? ಇಲ್ಲಿ ಹುಟ್ಟಿದ ಮಕ್ಕಳು "ವೈ" ಅಂತ ಕೇಳುತ್ತವೆ. ಉತ್ತರ ಕೊಡೋಕೆ ಮೊದಲು ನಮಗೆ ಗೊತ್ತಿರಬೇಕು, ಅಲ್ವಾ?

ಮಿಸಿಸಾಗಾ, ಕೆನಡಾ
ಸರ್, ನಮ್ಮ ಅಜ್ಜಿ ಕೊರಳಲ್ಲಿ ಲಿಂಗ ಇಟ್ಟುಕೊಂಡೇ ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗುತ್ತಿದ್ದರು, ಕಂಬಿ (ದೇವರ ಕಾವಡಿ) ಹೊತ್ತವರ ಜೊತೆ. ಇವತ್ತಿಗೂ ಉತ್ತರ ಕರ್ನಾಟಕದಿಂದ ಸಾವಿರಾರು ಜನ ಹಾಗೇ ನಡೆಯುತ್ತಾರೆ. ಉಳವಿ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೋಗುವವರು ಯಾರು? ಗೊಡಚಿ ವೀರಭದ್ರನಿಗೆ ಹೋಗುವವರು ಯಾರು? ಅವರಿಗೆಲ್ಲ ನಂಬಿಕೆ ಇಲ್ಲವಾ? ಅಕ್ಕಮಹಾದೇವಿಯೇ ಶ್ರೀಶೈಲಕ್ಕೆ ಹೋದವಳು.

ಹ್ಯೂಸ್ಟನ್ (ಹಿರಿಯ ಸದಸ್ಯರು)
ಅಕ್ಕ ಹೋದದ್ದು ಅಲ್ಲಿಯ ಕದಳೀವನಕ್ಕೆ, ಲಿಂಗದಲ್ಲಿ ಐಕ್ಯವಾಗೋಕೆ. ಗುಡಿಯ ಗಂಟೆ ಬಾರಿಸೋಕಲ್ಲ. ಅಜ್ಜಿ ಮಾಡಿದ್ದೆಲ್ಲ ಸರಿ ಅಂದರೆ ಮಾತು ಅಲ್ಲಿಗೇ ಮುಗಿಯಿತು. ಗುಡಿಗೆ ಹೋಗುವುದು ವೀರಶೈವ ಮಠಗಳು ಆಮೇಲೆ ಬೆಳೆಸಿದ ರೂಢಿ. ಲಿಂಗಾಯತ ಬೇರೆ.

ಡಲ್ಲಾಸ್
ಬಂತು ನೋಡಿ! 2018ರಲ್ಲಿ ರಾಜ್ಯ ಸರ್ಕಾರ ಲಿಂಗಾಯತ ಪ್ರತ್ಯೇಕ ಧರ್ಮ ಅಂತ ಶಿಫಾರಸು ಕಳಿಸಿದಾಗ ಈ ಗುಂಪಿನಲ್ಲಿ ಎಷ್ಟು ಜನ ಮಾತು ಬಿಟ್ಟರು ಅಂತ ನೆನಪಿದೆಯಾ? ಕೇಂದ್ರ ಅದನ್ನು ಒಪ್ಪಲಿಲ್ಲ, ನಮ್ಮ ಪಾಟ್‌ಲಕ್ ಮಾತ್ರ ಎರಡಾಯಿತು. ಅದನ್ನು ಮತ್ತೆ ತೆಗೆಯಬೇಡಿ ಅಣ್ಣಾವ್ರೇ.

ಲಾಂಗ್ ಐಲ್ಯಾಂಡ್
ನಾವು ಬಂದ ಕಾಲಕ್ಕೆ ಗುಡಿ ಅಂದರೆ ಬರೀ ದೇವರಲ್ಲ. ನ್ಯೂಯಾರ್ಕಿನ ಫ್ಲಶಿಂಗ್ ಗಣೇಶನ ಗುಡಿ ಪ್ರತಿಷ್ಠೆ ಆದದ್ದು 1977ರ ಜುಲೈ 4ಕ್ಕೆ. ಅಲ್ಲಿ ನಿಂತರೆ ಯಾರಾದರೂ ಕನ್ನಡ ಮಾತಾಡುವವರು ಸಿಗುತ್ತಿದ್ದರು. ಸಿಕ್ಕವರನ್ನು ಮನೆಗೆ ಕರೆದು ಅನ್ನ ಹಾಕುತ್ತಿದ್ದೆವು. ಯಾರು ಯಾವ ಮಠ ಅಂತ ಕೇಳೋಕೆ ಪುರುಸೊತ್ತು ಎಲ್ಲಿತ್ತು? ನಮ್ಮ ಮೊಮ್ಮಗಳು ಈಗ ಅಲ್ಲಿಯ ಕ್ಯಾಂಟೀನಿನ ದೋಸೆಗಾಗಿಯೇ ಬರುತ್ತಾಳೆ, ಬರಲಿ ಬಿಡಿ. ಭರತನಾಟ್ಯ ಕಲಿತಿದ್ದಾಳೆ, ರಂಗಪ್ರವೇಶ ಆಗಿದೆ. ಫೋಟೋ ಹಾಕುತ್ತೇನೆ.

ಎಡಿಸನ್, ನ್ಯೂಜೆರ್ಸಿ
ಅಕ್ಕಾವ್ರ ಮೊಮ್ಮಗಳಿಗೆ ಅಭಿನಂದನೆ. ನನ್ನ ಮಾತು ಈ ತಂಗಿಗೆ. ನಮ್ಮ ಮಗ ಚಿಕ್ಕವನಿದ್ದಾಗ ನಾವು ಎಲ್ಲೂ ಹೋಗುತ್ತಿರಲಿಲ್ಲ. ಪೂಜೆ ತಪ್ಪಬಾರದು, ಊಟದ ಮಡಿ ತಪ್ಪಬಾರದು ಅಂತ. ಅವನ ಸಹಪಾಠಿಗಳ ಮನೆಗೂ ಕಳಿಸಲಿಲ್ಲ. ಅವನಿಗೆ ಪೂಜೆ ಅಂದರೆ ಮನೆಯಲ್ಲಿ ಕೂರಿಸುವ ಶಿಕ್ಷೆ ಆಯಿತು. ಕಾಲೇಜಿಗೆ ಹೋಗುವಾಗ ಕರಡಿಗೆಯನ್ನು ನಮ್ಮ ಡ್ರಾಯರಿನಲ್ಲೇ ಬಿಟ್ಟು ಹೋದ. ನಾವೂ ಕೇಳಲಿಲ್ಲ. ನೀವಿಬ್ಬರೂ ಕೂತು ಮಾಡುತ್ತೀರಲ್ಲ, ಅದು ದೊಡ್ಡದು. ನಮ್ಮ ಮನೆಯಲ್ಲಿ ನಾನೊಬ್ಬಳೇ ಮಾಡುತ್ತಿದ್ದೆ. ಯಜಮಾನರು ಟೀವಿ ಮುಂದೆ.

ಹ್ಯೂಸ್ಟನ್ (ಹಿರಿಯ ಸದಸ್ಯರು)
ಅಕ್ಕಾವ್ರೇ, ನಾನು ಹೇಳುತ್ತಿರುವುದೂ ಅದೇ. ಅರ್ಥ ಹೇಳದೆ ಕೂರಿಸಿದರೆ ಹೀಗೇ ಆಗುತ್ತದೆ. ಮಕ್ಕಳಿಗೆ ದಿನಕ್ಕೊಂದು ವಚನ ಕಲಿಸಿ. ನಮ್ಮ ಮಕ್ಕಳಿಬ್ಬರಿಗೂ ನೂರಕ್ಕೂ ಜಾಸ್ತಿ ವಚನ ಬಾಯಿಗೆ ಬರುತ್ತವೆ.

ಮಿಸಿಸಾಗಾ, ಕೆನಡಾ
ಸರ್, ಅವರ ಮಗಳಿಗೆ ಇನ್ನೂ ಹಲ್ಲು ಬರ್ತಾ ಇವೆ.

ಡೆಟ್ರಾಯ್ಟ್ ಹತ್ತಿರ, ನೋವೈ
ನಾನು ಮಂಡ್ಯ ಕಡೆಯವನೇ. ಆ ಗೆಳೆಯ ನಾನಲ್ಲ, ಆದರೆ ಅವರ ಕಡೆಯಿಂದ ಒಂದು ಮಾತು. ಮನೆಗೆ ಬಂದವರು ಹೇಳದೆ ಒಳಗೊಳಗೇ ಕಷ್ಟಪಟ್ಟರೆ ನಮಗೆ ಬೇಜಾರು. ನಮ್ಮ ಮನೆಗೆ ಲಿಂಗಾಯತ ಸ್ನೇಹಿತರು ಬಂದಾಗ ಬೆಳಿಗ್ಗೆ ಉಪ್ಪಿಟ್ಟು ಮಾಡುತ್ತೇವೆ, ಬಾಡೂಟ ಬೇರೆ ದಿನಕ್ಕೆ. ಇದರಲ್ಲಿ ತ್ಯಾಗ ಏನೂ ಇಲ್ಲ. ಆ ಕೋಳಿ ಎಲ್ಲಿಗೂ ಓಡಿ ಹೋಗಲ್ಲ, ಫ್ರೀಜರಿನಲ್ಲಿ ಇರುತ್ತೆ. ಕೇಳಿ ಮೇಡಂ, ಸುಮ್ನೆ ಕೇಳಿ.

ಕೊಲಂಬಸ್, ಒಹಾಯೋ
ನೋವೈ ಅಣ್ಣಾವ್ರ ಮಾತು ಓದಿ ಇವರು ಗೆಳೆಯನಿಗೆ ಆಗಲೇ ಫೋನ್ ಮಾಡಿದರು. ಅವರು "ಅಯ್ಯೋ, ಕೋಣೆ ಏನು, ಇಡೀ ಮಹಡಿ ತಗೊಳ್ಳಿ" ಅಂದರಂತೆ. ಸ್ಯಾನ್ ಹೋಸೆ ಅಕ್ಕಾವ್ರಿಗೆ ಥ್ಯಾಂಕ್ಸ್, ಎಲ್ಲ ಬರೆದಿಟ್ಟುಕೊಂಡೆ. ಎಡಿಸನ್ ಅಕ್ಕಾವ್ರ ಮಾತನ್ನು ಅತ್ತೆಯವರಿಗೆ ಓದಿ ಹೇಳುತ್ತೇನೆ. ಹ್ಯೂಸ್ಟನ್ ಸರ್, ಪಿಟ್ಸ್‌ಬರ್ಗ್ ಗುಡಿಗೆ ನಾವು ಗೆಳತಿಗೋಸ್ಕರ ಹೋಗುತ್ತೇವೆ. ಅವಳು ನಮ್ಮ ಜೊತೆ ಬಸವ ಜಯಂತಿಗೆ ಬರುತ್ತಾಳೆ, ನಾವು ಅವಳ ಜೊತೆ ಹೋಗದಿದ್ದರೆ ಹೇಗೆ? ಒಂದು ಪ್ರಶ್ನೆ ಉಳಿಯಿತು. ಸಿಯಾಟಲ್ ಕಡೆ ನಮ್ಮವರು ಮನೆಮನೆ ಪ್ರಾರ್ಥನೆ ಮಾಡುತ್ತಾರಾ?

ಬೆಲ್‌ವ್ಯೂ, ವಾಷಿಂಗ್ಟನ್
ಮಾಡುತ್ತೇವೆ. ತಿಂಗಳಿಗೊಂದು ಮನೆ. ನೀವು ಬರುವ ತಾರೀಕು ಮೆಸೇಜ್ ಮಾಡಿ, ಅದಕ್ಕೆ ಹೊಂದಿಸೋಣ. ಜೋಳದ ರೊಟ್ಟಿ ಇರುತ್ತದೆ. ಹೈ ಚೇರ್ ಇದೆ, ಹೊತ್ತು ತರಬೇಡಿ.

ಹ್ಯೂಸ್ಟನ್ (ಹಿರಿಯ ಸದಸ್ಯರು)
ಸಂತೋಷ. ಆದರೆ ಗುಡಿಯ ಪ್ರಶ್ನೆಗೆ ಗೆಳತಿ ಅನ್ನುವುದು ಉತ್ತರವಲ್ಲ. ನಾಳೆ ವಿವರವಾಗಿ ಬರೆಯುತ್ತೇನೆ.