ಅಪ್‌ಡೇಟ್: ಕೋರ್ಸ್ ಮುಗಿಸಿದರೂ ಮೂಡಲ್ 'ಅಪೂರ್ಣ' ಅನ್ನುತ್ತಿದ್ದ ಸಮಸ್ಯೆ

ಸಿಬ್ಬಂದಿ ತರಬೇತಿಗೆ ಮೂಡಲ್ (ಆನ್‌ಲೈನ್ ಕೋರ್ಸ್ ನಡೆಸುವ ತಂತ್ರಾಂಶ) ಹಾಕಿದ್ದೇವೆ, ಕೋರ್ಸ್ ಮುಗಿಸಿದವರಿಗೂ 'ಅಪೂರ್ಣ' ಅಂತಲೇ ತೋರಿಸುತ್ತದೆ ಎಂದು ಕೇಳಿದ್ದೆ. ಈಗ ಸರಿಯಾಗಿದೆ. ಕೊನೆಯ ಕ್ವಿಜ್ ಆದ ಮೇಲೆ ನಮ್ಮ ಸ್ಕಾರ್ಮ್ ಪ್ಯಾಕೇಜ್ (ಮೂಡಲ್‌ನಂಥ ತಂತ್ರಾಂಶಕ್ಕೆ ಹಾಕಲು ನಿಗದಿತ ಮಾದರಿಯಲ್ಲಿ ಕಟ್ಟಿದ ಕೋರ್ಸ್ ಫೈಲ್) 'ಪಾಸ್ಡ್' ಎಂದು ಕಳಿಸುತ್ತಿತ್ತು. ಮೂಡಲ್ ಮಾತ್ರ 'ಕಂಪ್ಲೀಟೆಡ್' ಬರಲಿ ಅಂತ ಸುಮ್ನೆ ಕಾಯುತ್ತಿತ್ತು. ಸೆಟ್ಟಿಂಗ್‌ನಲ್ಲಿ 'ಪಾಸ್ಡ್' ಆರಿಸಿದೆವು, ಅಷ್ಟೇ.

ನಿಜವಾದ ತಲೆನೋವು ಬೇರೆ ಇತ್ತು. ಉದ್ದದ ಸುರಕ್ಷತಾ ಕೋರ್ಸನ್ನು ಅರ್ಧಕ್ಕೆ ಬಿಟ್ಟು ಮತ್ತೆ ತೆರೆದರೆ ಮೊದಲಿನಿಂದ ಶುರುವಾಗುತ್ತಿತ್ತು. ಸ್ಕಾರ್ಮ್‌ನ 1.2 ಆವೃತ್ತಿಯಲ್ಲಿ ಎಲ್ಲಿ ನಿಲ್ಲಿಸಿದ್ದೆವು ಎಂಬ ಮಾಹಿತಿಗೆ ಇರುವುದು 4096 ಅಕ್ಷರಗಳ ಜಾಗ. ಸ್ಲೈಡ್, ಪ್ರಶ್ನೆ ಜಾಸ್ತಿಯಾದರೆ ಅದು ಸಾಲುವುದಿಲ್ಲ, ಅಲ್ವಾ? ಕೋರ್ಸನ್ನು ತುಂಡು ಮಾಡಿ ಹಾಕಿದೆವು. ಕಲಿಯುವವರಿಗೂ ಅದೇ ವಾಸಿ ಅನ್ನಿಸುತ್ತದೆ, ಅಷ್ಟುದ್ದ ಯಾರು ಕೂತು ನೋಡುತ್ತಾರೆ!

ಕ್ರಾನ್ (ಮೂಡಲ್‌ನ ಹಿನ್ನೆಲೆ ಕೆಲಸಗಳನ್ನು ತಾನಾಗಿಯೇ ನಡೆಸುವ ವ್ಯವಸ್ಥೆ) ನಿಮಿಷಕ್ಕೊಮ್ಮೆ ಓಡುವಂತೆ ಇಟ್ಟ ಮೇಲೆ ಇಮೇಲ್‌ಗಳೂ ಸಮಯಕ್ಕೆ ಹೋಗುತ್ತಿವೆ. ಸರ್ಟಿಫಿಕೇಟ್ ಕೆಲಸ ಇನ್ನೂ ಬಾಕಿ ಇದೆ.